1910ರ ನ್ಯೂಜೆರ್ಸಿ ಗವರ್ನರ್ ಚುನಾವಣೆಯಲ್ಲಿ ರಾಜಕೀಯಕ್ಕೆ ಹೊಸಬರಾದ ವುಡ್ರೋ ವಿಲ್ಸನ್ ಗೆದ್ದದ್ದು ಹೇಗೆ?

ವಿಲ್ಸನ್ ಅವರನ್ನು ಕಣಕ್ಕಿಳಿಸಿದವರು ಸುಧಾರಣಾವಾದಿಗಳಲ್ಲ, ಡೆಮಾಕ್ರಟಿಕ್ ಪಕ್ಷದ ಹಳೆಯ ಹುಲಿಗಳೇ ಎಂಬುದು ಈ ಚುನಾವಣೆಯ ಸ್ವಾರಸ್ಯ. ಹಲವು ವರ್ಷಗಳಿಂದ ರಿಪಬ್ಲಿಕನ್ನರ ಕೈಯಲ್ಲಿದ್ದ ಗವರ್ನರ್ ಪದವಿಯನ್ನು ಮರಳಿ ಪಡೆಯಲು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಈ ವಿದ್ವಾಂಸರ ಹೆಸರು ನೆರವಾಗುತ್ತದೆಂದೂ, ಗೆದ್ದ ಮೇಲೆ ಅವರು ತಮ್ಮ ಮಾತು ಮೀರಲಾರರೆಂದೂ ಪಕ್ಷದ ಪ್ರಬಲ ನಾಯಕ ಜೇಮ್ಸ್ ಸ್ಮಿತ್ ಲೆಕ್ಕ ಹಾಕಿದ್ದರು. ಆದರೆ ಅಕ್ಟೋಬರ್‌ನಲ್ಲಿ, ರಿಪಬ್ಲಿಕನ್ ಪಕ್ಷದಲ್ಲೇ ಇದ್ದ ಸುಧಾರಣಾವಾದಿ ಜಾರ್ಜ್ ರೆಕಾರ್ಡ್ ಒಡ್ಡಿದ ಪ್ರಶ್ನೆಗಳಿಗೆ ಬಹಿರಂಗ ಪತ್ರದಲ್ಲಿ ಉತ್ತರಿಸಿದ ವಿಲ್ಸನ್, ಪಕ್ಷದ ಧಣಿಗಳು ತೆರೆಮರೆಯಲ್ಲಿ ಆಡಳಿತ ನಡೆಸುವ ವ್ಯವಸ್ಥೆಯನ್ನೇ ನೇರವಾಗಿ ಖಂಡಿಸಿದರು. ಪಕ್ಷದ ಆಚೆಗಿನ ಮತಗಳನ್ನು ಅವರತ್ತ ಸೆಳೆದದ್ದು ಮುಖ್ಯವಾಗಿ ಈ ಪತ್ರವೇ ಎಂಬುದು ನನ್ನ ಅಭಿಪ್ರಾಯ. ರಿಪಬ್ಲಿಕನ್ ಪಕ್ಷ ಆ ವರ್ಷ ದೇಶದಾದ್ಯಂತ ಒಳಜಗಳದಿಂದ ಸೊರಗಿತ್ತು ಎಂಬುದನ್ನೂ ಮರೆಯುವಂತಿಲ್ಲ. ನವೆಂಬರ್‌ನಲ್ಲಿ ವಿಲ್ಸನ್ ತಮ್ಮ ಎದುರಾಳಿ ವಿವಿಯನ್ ಲೂಯಿಸ್ ಅವರನ್ನು ಸುಮಾರು 49,000 ಮತಗಳ ಅಂತರದಿಂದ ಸೋಲಿಸಿದರು.

ಸ್ಮಿತ್ ಅವರ ಲೆಕ್ಕ ಮಾತ್ರ ತಲೆಕೆಳಗಾಯಿತು. ಸೆನೆಟರ್‌ಗಳನ್ನು ರಾಜ್ಯ ಶಾಸನಸಭೆಯೇ ಆರಿಸುತ್ತಿದ್ದ ಆ ಕಾಲದಲ್ಲಿ ಅವರು ಸೆನೆಟ್ ಸ್ಥಾನ ಬಯಸಿದಾಗ, ವಿಲ್ಸನ್ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಮತದಾರರೇ ಸೂಚಿಸುವ ಪ್ರಾಥಮಿಕ ಚುನಾವಣೆಯಲ್ಲಿ ಗೆದ್ದಿದ್ದ ಜೇಮ್ಸ್ ಮಾರ್ಟೀನ್ ಅವರ ಪರ ನಿಂತು, 1911ರ ಜನವರಿಯಲ್ಲಿ ಅವರನ್ನೇ ಗೆಲ್ಲಿಸಿದರು.