ಓದುಗರ ಪ್ರಶ್ನೆ, ನಮ್ಮ ಉತ್ತರ: ನಾಫ್‌ಪ್ಲಿಯೊದಲ್ಲಿ ಉಳಿಯಿರಿ, ಮೈಸೀನೆಗೆ ಬೆಳಿಗ್ಗೆಯೇ ಹೋಗಿ

ಗ್ರೀಸ್ ಪ್ರವಾಸದ ಬಗ್ಗೆ ಬಂದ ಪತ್ರಗಳಲ್ಲಿ ಅಥೆನ್ಸ್, ಸ್ಯಾಂಟೊರಿನಿ ಬಿಟ್ಟು ಬೇರೆ ಊರು ಕೇಳಿದವರು ಕಮ್ಮಿ. ಕೇಳಿದ ಕೆಲವರೂ ಸುತ್ತಿ ಸುತ್ತಿ ಒಂದೇ ಜಾಗದ ಹತ್ತಿರ ಬಂದಿದ್ದಾರೆ. ಅದು ಗ್ರೀಸಿನ ದಕ್ಷಿಣದ ಪೆಲೊಪೊನೀಸ್ ಪ್ರದೇಶದ ನಾಫ್‌ಪ್ಲಿಯೊ ಪಟ್ಟಣ, ಅದರ ಅಕ್ಕಪಕ್ಕದ ಪುರಾತನ ಕೋಟೆಗಳಾದ ಮೈಸೀನೆ, ಟಿರಿನ್ಸ್, ಹಳೇ ರಂಗಮಂದಿರ ಇರುವ ಎಪಿಡಾರಸ್. ನನಗೆ ತುಂಬಾ ಇಷ್ಟದ ಮೂಲೆ ಇದು, ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ.

ಪ್ರಶ್ನೆ: ಅಕ್ಟೋಬರ್‌ನಲ್ಲಿ ಅಥೆನ್ಸ್‌ಗೆ ಹೋಗುತ್ತಿದ್ದೇವೆ. ಒಂದೇ ದಿನದಲ್ಲಿ ಕೊರಿಂತ್ ಕಾಲುವೆ, ಮೈಸೀನೆ, ನಾಫ್‌ಪ್ಲಿಯೊ, ಎಪಿಡಾರಸ್ ಎಲ್ಲಾ ತೋರಿಸಿ ರಾತ್ರಿ ವಾಪಸ್ ಬಿಡುವ ಬಸ್ ಇದೆಯಂತೆ. ಬುಕ್ ಮಾಡಬಹುದಾ? (ದಂಪತಿ, ಧಾರವಾಡ)

ಬೇಡ. ನಿಮಗೆ ಇರುವುದು ಅದೊಂದೇ ದಿನ ಅಂದರೆ ಮಾತ್ರ ಮಾಡಿ. ಅಥೆನ್ಸ್‌ನಿಂದ ನಾಫ್‌ಪ್ಲಿಯೊಗೆ ಸುಮಾರು 140 ಕಿ.ಮೀ. ಹೋಗಿ ಬರುವುದಕ್ಕೇ ನಾಲ್ಕೈದು ಗಂಟೆ ಹೋಯಿತು. ಉಳಿದ ಹೊತ್ತನ್ನು ನಾಲ್ಕು ಜಾಗಕ್ಕೆ ಹಂಚಿದರೆ ಒಂದೊಂದಕ್ಕೆ ಎಷ್ಟು ಸಿಗುತ್ತದೆ ನೀವೇ ಲೆಕ್ಕ ಹಾಕಿ. ಮೈಸೀನೆಯ ಸಿಂಹದ್ವಾರದ ಕೆಳಗೆ ನಿಂತು ಒಂದು ಫೋಟೊ ಹೊಡೆಯುವಷ್ಟರಲ್ಲಿ ಗೈಡ್ ಕೈ ಎತ್ತಿ ಕರೆಯುತ್ತಾರೆ. ನಾಫ್‌ಪ್ಲಿಯೊ ಊಟಕ್ಕೆ ನಿಲ್ಲಿಸುವ ಊರಾಗಿಬಿಡುತ್ತದೆ. ನನಗೆ ಬೇಜಾರಾಗುವುದು ಇದೇ ವಿಷಯಕ್ಕೆ.

ನಾಫ್‌ಪ್ಲಿಯೊದಲ್ಲೇ ಎರಡು ರಾತ್ರಿ ಉಳಿಯಿರಿ, ಆಗುವುದಾದರೆ ಮೂರು. ಅಥೆನ್ಸ್‌ನಿಂದ ಕೆಟಿಇಎಲ್ ಎಂಬ ಸಾರಿಗೆ ಸಂಸ್ಥೆಯ ಬಸ್‌ಗಳಿವೆ, ಎರಡರಿಂದ ಎರಡೂವರೆ ಗಂಟೆ ಹಿಡಿಯುತ್ತದೆ. ಕೊರಿಂತ್ ಕಾಲುವೆ ದಾರಿಯಲ್ಲೇ ಸಿಗುತ್ತದೆ. 1893ರಲ್ಲಿ ಮುಗಿದ ಕಾಲುವೆ ಅದು, ಆರು ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ ಉದ್ದ. ಮೇಲಿನ ಸೇತುವೆಯಿಂದ ಇಣುಕಿ ನೋಡಿದರೆ ಸಾಕು. ಹಳೇ ಊರಿನೊಳಗೇ ರೂಮ್ ಮಾಡಿ. ಸಂಜೆ ಪ್ರವಾಸಿ ಬಸ್‌ಗಳು ಹೊರಟುಹೋದ ಮೇಲೆ ಸಿಂಟಗ್ಮಾ ಚೌಕದ ಕಲ್ಲುಹಾಸಿನ ಮೇಲೆ ಊರಿನ ಮಕ್ಕಳು ಚೆಂಡು ಆಡುತ್ತಿರುತ್ತಾರೆ, ದೊಡ್ಡವರು ಕಾಫಿ ಹಿಡಿದು ಕೂತಿರುತ್ತಾರೆ. ಆ ಹೊತ್ತಿನಲ್ಲಿ ನೀವು ಅಲ್ಲಿರಬೇಕು.

ಇನ್ನೊಂದು ವಿಷಯ. ಸ್ವತಂತ್ರ ಗ್ರೀಸಿನ ಮೊದಲ ರಾಜಧಾನಿ ಅಥೆನ್ಸ್ ಅಂದುಕೊಂಡವರೇ ಜಾಸ್ತಿ. 1834ರಲ್ಲಿ ಅಥೆನ್ಸ್‌ಗೆ ಹೋಗುವ ಮೊದಲು ರಾಜಧಾನಿ ಇದ್ದದ್ದು ನಾಫ್‌ಪ್ಲಿಯೊದಲ್ಲಿ. ದೇಶದ ಮೊದಲ ಆಡಳಿತಗಾರ ಇಯೊನ್ನಿಸ್ ಕಪೊಡಿಸ್ಟ್ರಿಯಾಸ್ ಕೊಲೆಯಾದದ್ದೂ ಇಲ್ಲೇ, 1831ರ ಅಕ್ಟೋಬರ್‌ನ ಒಂದು ಭಾನುವಾರ, ಪ್ರಾರ್ಥನೆಗೆ ಬಂದಾಗ ಸೇಂಟ್ ಸ್ಪಿರಿಡಾನ್ ಚರ್ಚಿನ ಬಾಗಿಲಲ್ಲಿ. ಅವರು ಸೆರೆಯಲ್ಲಿಟ್ಟಿದ್ದ ಮಾನಿ ಪ್ರದೇಶದ ಮುಖಂಡನೊಬ್ಬನ ತಮ್ಮ ಮತ್ತು ಮಗ ಸೇರಿ ಮಾಡಿದ ಕೊಲೆ. ಚರ್ಚು ಚಿಕ್ಕದು, ಮೆಟ್ಟಿಲು ಹತ್ತುವ ಗಲ್ಲಿಯಲ್ಲಿದೆ. ಬಾಗಿಲ ಪಕ್ಕದ ಗೋಡೆಯಲ್ಲಿ ಗುಂಡು ಬಿದ್ದ ಗುರುತಿಗೆ ಗಾಜು ಹಾಕಿಟ್ಟಿದ್ದಾರೆ. ಅಂಗೈಯಲ್ಲಿ ಮುಚ್ಚಬಹುದಾದಷ್ಟು ಜಾಗ. ದಿನಾ ನೂರಾರು ಜನ ಗಮನಿಸದೆ ಅದರ ಮುಂದೆಯೇ ಹೋಗುತ್ತಾರೆ, ನೀವು ನಿಂತು ನೋಡಿ.

ಪ್ರಶ್ನೆ: ಮಂಡಿ ನೋವಿದೆ. ನಾಫ್‌ಪ್ಲಿಯೊ ಕೋಟೆಗೆ 999 ಮೆಟ್ಟಿಲು ಅಂತ ಓದಿ ಹೆದರಿಕೆಯಾಯಿತು. ಮೇಲೆ ಹೋಗಲು ಬೇರೆ ದಾರಿ ಇಲ್ವಾ? (ನಿವೃತ್ತ ಶಿಕ್ಷಕಿ, ಸಾಗರ)

ಇದೆ ಮೇಡಂ, ಹೆದರಬೇಡಿ. ಪಲಮಿಡಿ ಕೋಟೆಯ ಮೇಲಿನ ಬಾಗಿಲಿನವರೆಗೂ ಟಾರು ರಸ್ತೆ ಇದೆ, ಟ್ಯಾಕ್ಸಿಯಲ್ಲಿ ಹೋಗಬಹುದು. 999 ಅನ್ನುವುದು ಊರವರ ಬಾಯಲ್ಲಿ ಉಳಿದ ಲೆಕ್ಕ, ಎಣಿಸಿದವರಿಗೆ ಅದಕ್ಕಿಂತ ಕಮ್ಮಿಯೇ ಸಿಕ್ಕಿದೆ. ಆದರೂ ಬೆಟ್ಟ 216 ಮೀಟರ್ ಎತ್ತರ, ಮೆಟ್ಟಿಲು ಕಡಿದಾಗಿದೆ, ನೆರಳು ಕಮ್ಮಿ. ಮಂಡಿ ನೋವಿದ್ದವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ, ಹಾಗಾಗಿ ಎರಡೂ ಕಡೆ ಟ್ಯಾಕ್ಸಿ ಮಾಡಿ.

ಕೋಟೆಯ ಕಥೆ ಕೇಳಿ. ವೆನಿಸ್‌ನವರು 1711ರಿಂದ 1714ರವರೆಗೆ ಅಷ್ಟು ಖರ್ಚು ಮಾಡಿ ಕಟ್ಟಿಸಿದರು. ಮರುವರ್ಷವೇ, 1715ರಲ್ಲಿ, ಆಟೊಮನ್ ತುರ್ಕರು ಕಿತ್ತುಕೊಂಡರು. ಗ್ರೀಕರ ಕೈಗೆ ಬಂದದ್ದು 1822ರ ನವೆಂಬರ್ ಕೊನೆಯಲ್ಲಿ. ಸ್ವಾತಂತ್ರ್ಯ ಸಮರದ ದಳಪತಿ ಕೊಲೊಕೊಟ್ರೊನಿಸ್ ಅವರನ್ನು ಆಮೇಲೆ ಅದೇ ಸ್ವತಂತ್ರ ದೇಶದ ಸರ್ಕಾರ ಇಲ್ಲಿ ಸೆರೆಯಲ್ಲಿಟ್ಟಿತು. ಆ ಕೋಣೆ ಅಂತ ತೋರಿಸುವ ಕತ್ತಲೆ ಗೂಡಿಗೆ ಬಗ್ಗಿ ಹೋಗಬೇಕು, ನೀವು ಹೊರಗಿಂದಲೇ ನೋಡಿ ಸಾಕು. ಮೇಲಿನಿಂದ ಕಾಣುವ ಕೊಲ್ಲಿ, ಅದರ ನಡುವೆ ನೀರಲ್ಲಿ ನಿಂತ ಬೂರ್ಜಿ ಕೋಟೆ, ಕೆಂಪು ಹೆಂಚಿನ ಮನೆಗಳು, ಆಚೆಗೆ ಆರ್ಗೊಸ್ ಬಯಲಿನ ಕಿತ್ತಳೆ ತೋಟ. ಇಷ್ಟಕ್ಕೇ ಟ್ಯಾಕ್ಸಿ ದುಡ್ಡು ಸಾರ್ಥಕ.

ಮೈಸೀನೆಯೂ ಬೆಟ್ಟವೇ. ಅಲ್ಲಿ ಕಲ್ಲು ನುಣುಪಾಗಿ ಜಾರುತ್ತದೆ, ಹಿಡಿತ ಇರುವ ಶೂ ಹಾಕಿ, ಊರುಗೋಲು ಇದ್ದರೆ ಒಯ್ಯಿರಿ. ಸಿಂಹದ್ವಾರದವರೆಗಿನ ದಾರಿ ಪರವಾಗಿಲ್ಲ, ನಿಧಾನಕ್ಕೆ ಹೋಗಬಹುದು. ಎಪಿಡಾರಸ್‌ನಲ್ಲಿ ಸಾಲುಗಳನ್ನು ಹತ್ತಲೇಬೇಕು ಅಂತಿಲ್ಲ, ಕೆಳಗೆ ಕೂತರೂ ಅಷ್ಟೇ ಚಂದ.

ಪ್ರಶ್ನೆ: ಮೈಸೀನೆಯಲ್ಲಿ ಸಿಕ್ಕ ಚಿನ್ನದ ಮುಖವಾಡ ನಿಜವಾಗಿ ಅಗಮೆಮ್ನಾನ್‌ದಾ? ಅದನ್ನು ಅಲ್ಲೇ ನೋಡಬಹುದಾ? (ಇತಿಹಾಸ ವಿದ್ಯಾರ್ಥಿ, ಮೈಸೂರು)

ಎರಡಕ್ಕೂ ಉತ್ತರ 'ಇಲ್ಲ' ಅಂತಲೇ. ಅಗಮೆಮ್ನಾನ್ ಅಂದರೆ ಟ್ರಾಯ್ ಯುದ್ಧದ ಕಥೆಯಲ್ಲಿ ಗ್ರೀಕರನ್ನು ಮುನ್ನಡೆಸಿದ ಮೈಸೀನೆಯ ರಾಜ. 1876ರಲ್ಲಿ ಜರ್ಮನಿಯ ಪುರಾತತ್ವಜ್ಞ ಹೈನ್ರಿಶ್ ಶ್ಲೀಮನ್ ಅಗೆಸಿದಾಗ ಸಿಂಹದ್ವಾರದ ಒಳಗೆ ಬಲಗಡೆ ಆಳವಾದ ಗುಂಡಿ ಸಮಾಧಿಗಳು ಸಿಕ್ಕವು. ಅವರು ತೆರೆದದ್ದು ಐದು, ಆರನೆಯದನ್ನು ಮರುವರ್ಷ ಗ್ರೀಕ್ ಪುರಾತತ್ವಜ್ಞ ಸ್ಟಮಟಾಕಿಸ್ ತೆರೆದರು. ಹತ್ತೊಂಬತ್ತು ಜನರ ಅಸ್ಥಿ, ಅದರಲ್ಲಿ ಇಬ್ಬರು ಎಳೆ ಮಕ್ಕಳು. ಮಕ್ಕಳನ್ನೂ ಚಿನ್ನದ ಹಾಳೆಯಲ್ಲಿ ಸುತ್ತಿದ್ದರು. ಟ್ರಾಯ್ ಯುದ್ಧ ನಡೆದಿದ್ದರೆ ಅದು ಕ್ರಿ.ಪೂ. 1200ರ ಆಸುಪಾಸು ಅನ್ನುತ್ತಾರೆ. ಆ ಮುಖವಾಡ ಅದಕ್ಕಿಂತ ಮುನ್ನೂರು ವರ್ಷವಾದರೂ ಹಳೆಯದು. ಅಂದರೆ ಅಗಮೆಮ್ನಾನ್ ಅನ್ನುವವನು ಇದ್ದಿದ್ದರೂ ಮುಖವಾಡದ ಮನುಷ್ಯ ಅವನಿಗೆ ತಾತ ಮುತ್ತಾತರಿಗಿಂತ ಹಿಂದಿನವನು. ಅಸಲಿ ಮುಖವಾಡ ಅಥೆನ್ಸ್‌ನ ರಾಷ್ಟ್ರೀಯ ಪುರಾತತ್ವ ಸಂಗ್ರಹಾಲಯದಲ್ಲಿದೆ, ಮೈಸೀನೆಯಲ್ಲಿರುವುದು ಪ್ರತಿಕೃತಿ. ಮೊದಲು ಅಥೆನ್ಸ್‌ನಲ್ಲಿ ವಸ್ತುಗಳನ್ನು ನೋಡಿ, ಆಮೇಲೆ ಅವು ಸಿಕ್ಕ ಗುಂಡಿಗಳನ್ನು ನೋಡಿ. ಆಗ ಆ ಖಾಲಿ ಗುಂಡಿ ಖಾಲಿ ಅನ್ನಿಸುವುದಿಲ್ಲ.

ಸಿಂಹದ್ವಾರ ಕ್ರಿ.ಪೂ. 1250ರ ಹೊತ್ತಿನದು. ಎರಡು ಸಿಂಹಗಳ ತಲೆ ಈಗಿಲ್ಲ, ಅವನ್ನು ಬೇರೆಯಾಗಿ ಮಾಡಿ ಕೂರಿಸಿದ್ದರು. ತಲೆ ಎತ್ತಿ ನೋಡಿದ್ದಾದ ಮೇಲೆ ಕಾಲಡಿಯ ಹೊಸ್ತಿಲನ್ನೂ ನೋಡಿ, ಬಾಗಿಲು ತಿರುಗುತ್ತಿದ್ದ ಕುಳಿಗಳು ಇನ್ನೂ ಇವೆ. ಗೋಡೆಯ ಕಲ್ಲುಗಳು ಎಷ್ಟು ದೊಡ್ಡವೆಂದರೆ, ಇವನ್ನು ಒಕ್ಕಣ್ಣಿನ ದೈತ್ಯರೇ ಎತ್ತಿಟ್ಟಿರಬೇಕು ಅಂತ ನಂತರದ ಗ್ರೀಕರು ನಂಬಿದ್ದರು. ಹಂಪಿಯಲ್ಲಿ ಗಾರೆಯಿಲ್ಲದೆ ಕೂರಿಸಿದ ಕೋಟೆಗೋಡೆಯ ಹತ್ತಿರ ನಿಂತು ಬೆರಗಾದವರಿಗೆ ಇಲ್ಲಿ ಏನನ್ನು ಗಮನಿಸಬೇಕು ಅಂತ ಹೇಳಿಕೊಡಬೇಕಿಲ್ಲ.

ಜನ ತಪ್ಪಿಸಿಕೊಳ್ಳುವ ಎರಡು ಜಾಗ ಹೇಳುತ್ತೇನೆ. ಒಂದು, ಬೆಟ್ಟದ ಹಿಂಭಾಗದ ನೆಲದಡಿಯ ನೀರಿನ ತೊಟ್ಟಿ. ಮುತ್ತಿಗೆ ಬಿದ್ದಾಗ ಕೋಟೆ ಬಿಟ್ಟು ಹೊರಗೆ ಹೋಗದೆ ನೀರು ತರಲು ಬಂಡೆಯೊಳಗೆ ಮೆಟ್ಟಿಲು ಕೊರೆದಿದ್ದಾರೆ. ಕತ್ತಲೆ, ಜಾರುತ್ತದೆ, ಟಾರ್ಚ್ ಬೇಕು. ಎರಡು, ಅಟ್ರಿಯಸ್‌ನ ಖಜಾನೆ. ಕೋಟೆಗೆ ಬರುವ ರಸ್ತೆಯಲ್ಲೇ ಸ್ವಲ್ಪ ಹಿಂದೆ ಇದೆ, ಅದೇ ಟಿಕೆಟ್ ನಡೆಯುತ್ತದೆ, ಅದಕ್ಕೇ ಟಿಕೆಟ್ ಬಿಸಾಡಬೇಡಿ. ಹೆಸರು ಖಜಾನೆ, ನಿಜದಲ್ಲಿ ರಾಜಮನೆತನದ ಸಮಾಧಿ. ಒಳಗೆ ಹದಿಮೂರು ಮೀಟರಿಗೂ ಎತ್ತರದ ಗುಮ್ಮಟ. ಒಂದೊಂದು ಸುತ್ತು ಕಲ್ಲನ್ನು ಸ್ವಲ್ಪ ಸ್ವಲ್ಪ ಒಳಕ್ಕೆ ಚಾಚಿ ಮೇಲೆ ಮುಚ್ಚಿದ್ದಾರೆ. ರೋಮನ್ನರ ಕಾಲದವರೆಗೆ, ಸಾವಿರ ವರ್ಷಕ್ಕೂ ಜಾಸ್ತಿ, ಇಷ್ಟು ದೊಡ್ಡ ಗುಮ್ಮಟ ಎಲ್ಲೂ ಇರಲಿಲ್ಲ. ಬಾಗಿಲ ಮೇಲಿನ ತೊಲೆಕಲ್ಲು ಸುಮಾರು 120 ಟನ್. ಅದರ ಮೇಲೆ ಭಾರ ಬೀಳದಿರಲಿ ಅಂತ ತ್ರಿಕೋನದ ಸಂದು ಬಿಟ್ಟಿದ್ದಾರೆ, ಸಿಂಹದ್ವಾರದಲ್ಲಿ ಅದೇ ಸಂದಿನಲ್ಲಿ ಸಿಂಹಗಳು ನಿಂತಿವೆ. ಒಳಗೆ ಹೋದವರು ಒಂದೆರಡು ನಿಮಿಷ ಮಾತು ನಿಲ್ಲಿಸಿ, ನಿಮ್ಮ ಹೆಜ್ಜೆ ಸದ್ದೇ ತಿರುಗಿ ಬರುವುದು ಕೇಳುತ್ತದೆ.

ನಾಫ್‌ಪ್ಲಿಯೊ ಚೌಕದ ಸಂಗ್ರಹಾಲಯಕ್ಕೂ ಹೋಗಿ. ಕಟ್ಟಡ ವೆನಿಸ್‌ನವರ ಕಾಲದ ಗೋದಾಮು. ಅಲ್ಲಿ ಡೆಂಡ್ರಾ ಎಂಬ ಹಳ್ಳಿಯಲ್ಲಿ 1960ರಲ್ಲಿ ಸಿಕ್ಕ ಕಂಚಿನ ಕವಚ ಇದೆ, ಮೂರು ಸಾವಿರದ ನಾನೂರು ವರ್ಷ ಹಳೆಯದು. ಕುತ್ತಿಗೆಯಿಂದ ತೊಡೆಯವರೆಗೆ ತಗಡಿನ ಪಟ್ಟಿಗಳು, ತಲೆಗೆ ಕಾಡುಹಂದಿಯ ಕೋರೆಗಳನ್ನು ಸಾಲಾಗಿ ಹೊಲಿದ ಶಿರಸ್ತ್ರಾಣ. ಇದನ್ನು ಹಾಕಿಕೊಂಡು ಮನುಷ್ಯ ಬಗ್ಗುತ್ತಿದ್ದನಾ, ಓಡುತ್ತಿದ್ದನಾ ಅಂತ ಯೋಚಿಸುತ್ತಾ ಅದರ ಮುಂದೆ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು.

ಪ್ರಶ್ನೆ: ನಾವು ಕಾರು ಓಡಿಸುವುದಿಲ್ಲ. ಬಸ್ಸಲ್ಲಿ ಇವೆಲ್ಲಾ ಆಗುತ್ತದಾ? (ಗೆಳತಿಯರು, ಹುಬ್ಬಳ್ಳಿ)

ಆಗುತ್ತದೆ, ಸಮಯ ನೋಡಿಕೊಂಡು ಹೊರಟರೆ. ಟಿರಿನ್ಸ್ ಸುಲಭ, ಆರ್ಗೊಸ್ ರಸ್ತೆಯಲ್ಲಿ ನಾಲ್ಕೇ ಕಿ.ಮೀ. ಅದನ್ನು ಬಿಡಬೇಡಿ ದಯವಿಟ್ಟು. ಮೈಸೀನೆಯಷ್ಟು ಜನ ಇರುವುದಿಲ್ಲ. ಗೋಡೆ ಕೆಲವು ಕಡೆ ಎಂಟು ಮೀಟರ್ ದಪ್ಪ, ಅದರ ಹೊಟ್ಟೆಯೊಳಗೇ ಸುರಂಗದಂಥ ಓಣಿಗಳಿವೆ. ಶತಮಾನಗಳ ಕಾಲ ಕುರಿಗಳು ಬಿಸಿಲಿಗೆ ಇಲ್ಲಿ ಮೈ ಉಜ್ಜಿಕೊಂಡು ನಿಂತದ್ದಕ್ಕೆ ಕಲ್ಲು ಒಂದು ಎತ್ತರದವರೆಗೆ ಫಳಫಳ ಹೊಳೆಯುತ್ತದೆ.

ಮೈಸೀನೆಗೆ ನೇರ ಬಸ್ ದಿನಕ್ಕೆ ಕೆಲವೇ. ಅಥೆನ್ಸ್ ಬಸ್ ಹಿಡಿದರೆ ಫಿಖ್ತಿ ಹಳ್ಳಿಯಲ್ಲಿ ಇಳಿಸುತ್ತಾರೆ, ಅಲ್ಲಿಂದ ಇನ್ನೂ ಮೂರು ನಾಲ್ಕು ಕಿ.ಮೀ. ಏರುದಾರಿ. ನಾಲ್ಕು ಜನ ಇದ್ದರೆ ಟ್ಯಾಕ್ಸಿ ಮಾಡಿ ಕಾಯಲು ಹೇಳುವುದೇ ವಾಸಿ. ಎಪಿಡಾರಸ್ ಬಸ್ಸಿನಲ್ಲಿ ಒಂದು ಎಚ್ಚರ ಬೇಕು. ಅದೇ ಹೆಸರಿನ ಬೇರೆ ಊರುಗಳು ಸಮುದ್ರದ ಕಡೆ ಇವೆ. ಡ್ರೈವರ್‌ಗೆ 'ಪುರಾತನ ರಂಗಮಂದಿರ, ಅಸ್ಕ್ಲಿಪಿಯೊ' ಅಂತ ಹೇಳಿ, ವಾಪಸ್ ಬಸ್ಸಿನ ಹೊತ್ತು ಇಳಿಯುವ ಮೊದಲೇ ಕೇಳಿಕೊಳ್ಳಿ. ಕಾರು ಓಡಿಸುವ ಬೇರೆ ಓದುಗರಿಗೆ: ನಮ್ಮ ಲೈಸೆನ್ಸ್ ಜೊತೆ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರ್ಮಿಟ್ ಬೇಕು, ಅಲ್ಲಿ ರಸ್ತೆಯ ಬಲಗಡೆ ಓಡಿಸಬೇಕು.

ಪ್ರಶ್ನೆ: ಎಪಿಡಾರಸ್ ರಂಗಮಂದಿರದಲ್ಲಿ ನಾಣ್ಯ ಬಿದ್ದರೂ ಕೊನೇ ಸಾಲಿಗೆ ಕೇಳುತ್ತದಂತೆ, ನಿಜಾನಾ? (ಹವ್ಯಾಸಿ ನಟ, ಹೆಗ್ಗೋಡು)

ಗೈಡ್‌ಗಳು ಹಾಗೆ ಹೇಳುತ್ತಾರೆ. ನೆದರ್ಲೆಂಡ್ಸಿನ ಐಂಡ್‌ಹೋವನ್ ವಿಶ್ವವಿದ್ಯಾಲಯದವರು ಅಳೆದು 2017ರಲ್ಲಿ ಹೇಳಿದ್ದು ಬೇರೆ: ಏನೋ ಸದ್ದಾಯಿತು ಅಂತ ಹಿಂದಿನ ಸಾಲಿಗೂ ಗೊತ್ತಾಗಬಹುದು, ಆದರೆ ಅದು ನಾಣ್ಯ ಅಂತ ಗುರುತು ಸಿಗುವುದಿಲ್ಲ. ಪಿಸುಮಾತಂತೂ ಅಷ್ಟು ದೂರ ಅರ್ಥವಾಗುವುದಿಲ್ಲ, ನಟ ಗಂಟಲು ಬಿಟ್ಟು ಮಾತಾಡಿದರೆ ಮೇಲಿನವರೆಗೂ ಮುಟ್ಟುತ್ತದೆ. ನೀವು ನಟರು, ನಿಮಗೆ ಇದು ಇನ್ನೂ ಖುಷಿ ಕೊಡಬೇಕು ಅಲ್ವಾ? ಕ್ರಿ.ಪೂ. ನಾಲ್ಕನೇ ಶತಮಾನದಲ್ಲಿ ಕಟ್ಟಲು ಶುರುಮಾಡಿದ, ಆಮೇಲೆ ಹಿಗ್ಗಿಸಿದ ಜಾಗ. 55 ಸಾಲು, ಹನ್ನೆರಡು ಸಾವಿರಕ್ಕೂ ಹೆಚ್ಚು ಜನ. ಮೈಕ್ ಇಲ್ಲದ ಕಾಲ. ಆ ಕೆಲಸದ ಅರ್ಧ ಕಲ್ಲು ಮಾಡಿತು, ಅರ್ಧ ನಟನ ಎದೆಗಾರಿಕೆ ಮಾಡಿತು.

ಜುಲೈ, ಆಗಸ್ಟ್‌ನಲ್ಲಿ ಹೋಗುವುದಾದರೆ ವಾರಾಂತ್ಯದ ರಾತ್ರಿ ಅಲ್ಲಿ ಈಗಲೂ ನಾಟಕ ಇರುತ್ತದೆ. 1960ರಲ್ಲಿ ಒಪೆರಾ ಗಾಯಕಿ ಮರಿಯಾ ಕಲಾಸ್ ಹಾಡಿದ್ದೂ ಇದೇ ಕಲ್ಲಿನ ನಡುವೆ. ಭಾಷೆ ತಿಳಿಯದಿದ್ದರೂ ಹೋಗಿ ಕೂರಿ. ಕಲ್ಲಿನ ಮೇಲೆ ಹಾಕಿಕೊಳ್ಳಲು ಏನಾದರೂ ಒಯ್ಯಿರಿ, ಹೈ ಹೀಲ್ಸ್‌ಗೆ ಒಳಗೆ ಬಿಡುವುದಿಲ್ಲ.

ರಂಗಮಂದಿರ ನೋಡಿ ಅಲ್ಲಿಂದಲೇ ತಿರುಗಿ ಬರಬೇಡಿ. ಈ ಊರು ಮೊದಲು ಆಸ್ಪತ್ರೆ, ಆಮೇಲೆ ನಾಟಕ. ವೈದ್ಯದೇವರು ಅಸ್ಕ್ಲೀಪಿಯಸ್‌ನ ಕ್ಷೇತ್ರ ಇದು. ರೋಗಿಗಳು ಸ್ನಾನ, ಬಲಿ ಮುಗಿಸಿ ಅಬಟಾನ್ ಅನ್ನುವ ಮೊಗಸಾಲೆಯಲ್ಲಿ ಮಲಗುತ್ತಿದ್ದರು, ಕನಸಿನಲ್ಲಿ ದೇವರು ಬಂದು ವಾಸಿ ಮಾಡುತ್ತಾನೆ ಅಂತ. ವಾಸಿಯಾದವರ ಕಥೆಗಳನ್ನು ಕಲ್ಲಿನಲ್ಲಿ ಕೆತ್ತಿಸಿದ್ದರು, ಆ ಶಾಸನಗಳು ಅಲ್ಲಿನ ಸಂಗ್ರಹಾಲಯದಲ್ಲಿವೆ. ಒಂದರಲ್ಲಿ ಕ್ಲಿಯೊ ಎಂಬ ಹೆಣ್ಣುಮಗಳು ಐದು ವರ್ಷ ಬಸುರಿಯಾಗಿದ್ದು, ಇಲ್ಲಿ ಮಲಗಿ ಎದ್ದು ಹೊರಗೆ ಬಂದ ಕೂಡಲೇ ಗಂಡು ಮಗು ಹೆತ್ತಳು, ಆ ಮಗು ತಾನೇ ಹೋಗಿ ಬುಗ್ಗೆಯಲ್ಲಿ ಮೈ ತೊಳೆದುಕೊಂಡಿತು ಅಂತಿದೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು, ಆ ಸಾಲುಗಳ ಹಿಂದೆ ಎಷ್ಟು ಜನರ ನೋವು, ಎಷ್ಟು ಆಸೆ ಇತ್ತು ಅನ್ನುವುದು ಓದುವಾಗ ಮನಸ್ಸಿಗೆ ತಟ್ಟುತ್ತದೆ.

ಪ್ರಶ್ನೆ: ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳು ನಾವು. ಬರೀ ಬ್ರೆಡ್ ತಿಂದು ಬರಬೇಕಾ? (ಉಡುಪಿ)

ಖಂಡಿತ ಇಲ್ಲ. ಗ್ರೀಕರ ಸಂಪ್ರದಾಯದಲ್ಲಿ ಉಪವಾಸದ ದಿನಗಳು ಬಹಳ, ಆಗ ಮಾಂಸ, ಹಾಲು, ಮೊಟ್ಟೆ ಬಿಡುತ್ತಾರೆ. ಹೋಟೆಲಲ್ಲಿ 'ನಿಸ್ಟೀಸಿಮೊ' ಅಂತ ಕೇಳಿದರೆ ಆ ಅಡುಗೆ ತೋರಿಸುತ್ತಾರೆ. ಸೀಗಡಿ, ಸ್ಕ್ವಿಡ್ ಅವರಿಗೆ ಉಪವಾಸಕ್ಕೆ ನಡೆಯುತ್ತದೆ, ಅದು ಬೇಡ ಅಂತ ಬಿಡಿಸಿ ಹೇಳಿ. ಟೊಮ್ಯಾಟೊ ಸಾರಿನಲ್ಲಿ ಬೇಯಿಸಿದ ದೊಡ್ಡ ಬಿಳಿ ಅವರೆಯಂಥ ಗಿಗಾಂಟೆಸ್, ಹಳದಿ ಬೇಳೆಯ ಫಾವಾ, ಬೇಯಿಸಿದ ಸೊಪ್ಪಿಗೆ ನಿಂಬೆ ಹಿಂಡಿದ ಹೋರ್ತಾ, ಅನ್ನ ತುಂಬಿದ ಟೊಮ್ಯಾಟೊ ಗೆಮಿಸ್ತಾ. ತುಂಬಿದ ಅಡುಗೆಗಳಲ್ಲಿ ಕೈಮಾ ಇರಬಹುದು, ಕೇಳಿಯೇ ತಿನ್ನಿ. ಪಾಲಕ್ ಕಡುಬು ಸ್ಪನಕೋಪಿಟದಲ್ಲಿ ಎಷ್ಟೋ ಸಲ ಮೊಟ್ಟೆ ಇರುತ್ತದೆ, ನೀವು ಬಿಡುವುದೇ ಒಳ್ಳೆಯದು.

ಪ್ರಶ್ನೆ: ಯಾವ ತಿಂಗಳು ಒಳ್ಳೆಯದು? ಟಿಕೆಟ್ ದುಬಾರಿಯಾ? (ಹಲವರು)

ಏಪ್ರಿಲ್, ಮೇ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಏಪ್ರಿಲ್‌ನಲ್ಲಿ ಬಯಲೆಲ್ಲಾ ಕಿತ್ತಳೆ ಹೂವಿನ ಘಮ. ಜುಲೈ, ಆಗಸ್ಟ್ ಬಿಸಿಲಿಗೆ ಮೈಸೀನೆಯ ಬೋಳು ಬೆಟ್ಟ ಕಾದು ಹೋಗಿರುತ್ತದೆ, ಆಗ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ, ಬಿಸಿಲೇರುವ ಮೊದಲು ಇಳಿಯಿರಿ.

2025ರ ಏಪ್ರಿಲ್‌ನಿಂದ ಟಿಕೆಟ್ ದರ ಏರಿದೆ, ಹಳೇ ದರ ನಂಬಿ ಬಜೆಟ್ ಹಾಕಬೇಡಿ, ಸರ್ಕಾರದ ಟಿಕೆಟ್ ತಾಣದಲ್ಲಿ ನೋಡಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ತಿಂಗಳ ಮೊದಲ ಭಾನುವಾರ ಪ್ರವೇಶ ಉಚಿತ, ಅಕ್ಟೋಬರ್ 28ಕ್ಕೂ ಉಚಿತ. ಧಾರವಾಡದವರು ಇದನ್ನು ಬರೆದಿಟ್ಟುಕೊಳ್ಳಿ. ಮಾರ್ಚ್ 25, ಮೇ 1, ಅವರ ಈಸ್ಟರ್ ಭಾನುವಾರ ಎಲ್ಲಾ ಮುಚ್ಚಿರುತ್ತದೆ. ಅವರ ಈಸ್ಟರ್ ಹೆಚ್ಚಿನ ವರ್ಷ ನಮ್ಮ ಕ್ಯಾಲೆಂಡರ್‌ನ ಈಸ್ಟರ್ ದಿನ ಬರುವುದಿಲ್ಲ, ಏಪ್ರಿಲ್‌ನಲ್ಲಿ ಹೋಗುವವರು ತಾರೀಕು ನೋಡಿಯೇ ಬುಕ್ ಮಾಡಿ.