ದುಡ್ಡು ಕಟ್ಟುವ ಮೊದಲು ದೂರದ ಮಿತಿ ಏರಿಸಿ

ಕಾಸರಗೋಡಿನ ಬದಿಯಡ್ಕದಲ್ಲಿ ಎರಡು ತಿಂಗಳಿಂದ ಟಿಂಡರ್ ಎಂಬ ಡೇಟಿಂಗ್ ಆ್ಯಪ್ ಬಳಸುತ್ತಿದ್ದೇನೆ, ಒಂದೂ ಮ್ಯಾಚ್ (ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿದ್ದು) ಇಲ್ಲ, ದುಡ್ಡು ಕಟ್ಟಿ ಅದರ ಗೋಲ್ಡ್ ಪ್ಲಾನ್ ತೆಗೆದುಕೊಳ್ಳಲಾ ಎಂದು ಕೇಳಿದ್ದೀರಿ. ಈಗಲೇ ಬೇಡ ಮಾರಾಯ್ರೇ. ದೂರದ ಮಿತಿ 15 ಕಿ.ಮೀ. ಇಟ್ಟಿದ್ದೇನೆ ಅಂದಿರಲ್ಲ, ನಮ್ಮ ಕಡೆ ಅಷ್ಟರೊಳಗೆ ಆ್ಯಪಿನಲ್ಲಿ ಇರುವವರೇ ಕಡಿಮೆ. ಇರುವ ಹುಡುಗಿಯರಿಗೂ ನೆಂಟರ ಕಣ್ಣಿಗೆ ಬಿದ್ದೇನೆಂಬ ಹೆದರಿಕೆ. 80ಕ್ಕೆ ಏರಿಸಿ, ಮಂಗಳೂರು, ಪುತ್ತೂರು, ಕಾಞಂಗಾಡ್ ಎಲ್ಲ ಒಳಗೆ ಬರುತ್ತವೆ.

ಅದಕ್ಕಿಂತ ಮುಖ್ಯ ಪ್ರೊಫೈಲು. ನಾನು ಮೊದಲು ಬೇಕಲ ಕೋಟೆಯಲ್ಲಿ ಆರು ಜನ ಗೆಳೆಯರ ನಡುವೆ ಕೂಲಿಂಗ್ ಗ್ಲಾಸ್ ಹಾಕಿ ನಿಂತ ಫೋಟೋ ಇಟ್ಟು, ಕೆಳಗೆ ‘ಸಿಂಪಲ್ ಹುಡುಗ’ ಎಂದು ಬರೆದಿದ್ದೆ. ಆರರಲ್ಲಿ ನಾನು ಯಾರೆಂದೇ ಗೊತ್ತಾಗುತ್ತಿರಲಿಲ್ಲ. ಆಮೇಲೆ ಜಗಲಿಯಲ್ಲಿ ಅಡಿಕೆ ಸುಲಿಯುತ್ತ ಕೂತ, ಮುಖಕ್ಕೆ ಬೆಳಗಿನ ಬೆಳಕು ಬಿದ್ದ ಫೋಟೋ ಹಾಕಿ ‘ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಕ್ರಿಕೆಟ್ ಆಡುವಾಗ ತುಳು’ ಎಂದು ಬರೆದೆ. ‘ಕನಸು ಯಾವ ಭಾಷೆಯಲ್ಲಿ ಬೀಳ್ತದೆ?’ ಎಂದು ಮಂಗಳೂರಿನ ಒಬ್ಬರು ಕೇಳಿದರು. ಮಾತು ಶುರುವಾದದ್ದು ಅಲ್ಲಿಂದ.

ಮದುವೆಯ ಯೋಚನೆ ಇದ್ದರೆ ಹಿಂಜ್ ಎಂಬ ಇನ್ನೊಂದು ಡೇಟಿಂಗ್ ಆ್ಯಪ್ ಕೂಡ ನೋಡಿ. ಅಲ್ಲಿ ಒಬ್ಬರ ಒಂದು ಫೋಟೋಕ್ಕೋ, ಪ್ರೊಫೈಲಿನ ಪ್ರಶ್ನೆಗೆ ಅವರು ಬರೆದ ಉತ್ತರಕ್ಕೋ ನೇರವಾಗಿ ಕಮೆಂಟ್ ಹಾಕಬಹುದು. ಬರೀ ‘ಹಾಯ್’ ಕಳಿಸಬೇಡಿ, ಅವರು ಬರೆದದ್ದನ್ನು ಓದಿ ಕೇಳಿ.

ಇನ್ನೊಂದು. ಭೇಟಿಗೆ ಮೊದಲೇ ಯಾರಾದರೂ ಹಣ ಕೇಳಿದರೆ, ಹೂಡಿಕೆಯ ಮಾತೆತ್ತಿದರೆ ಅಲ್ಲಿಗೇ ನಿಲ್ಲಿಸಿ. ಹಣ ಹೋಗಿಯೇ ಬಿಟ್ಟರೆ ನಾಚಿಕೆಪಡದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮೊದಲ ಭೇಟಿ ಹಗಲಲ್ಲಿ, ಜನ ಇರುವ ಹೋಟೆಲಿನಲ್ಲಿ ಆಗಲಿ. ಜಾಗ ಅವರೇ ಆರಿಸಲಿ.