ಟರ್ಮಿನೇಟರ್ ಮತ್ತೆ ಶುರುವಾಗಬೇಕಾದರೆ

ಓದುಗರ ಪತ್ರ: ಭವಿಷ್ಯದಿಂದ ಬಂದ ಕೊಲೆಗಾರ ಯಂತ್ರ ಮನುಷ್ಯರನ್ನು ಬೆನ್ನಟ್ಟುವ ಹಾಲಿವುಡ್‌ನ ಟರ್ಮಿನೇಟರ್ ಚಿತ್ರಸರಣಿಯನ್ನು 2009, 2015, 2019ರಲ್ಲಿ ಮೂರು ಸಲ ಹೊಸದಾಗಿ ಶುರು ಮಾಡಿದರು. ಮೂರೂ ಮುಂದುವರಿಯಲಿಲ್ಲ. ಹಣಕ್ಕೆ ಕೊರತೆಯಿಲ್ಲ, ತಂತ್ರಜ್ಞಾನ ಬೆಳೆದಿದೆ, ಕೊನೆಯ ಸಲ ಮೊದಲೆರಡು ಚಿತ್ರಗಳ ನಿರ್ದೇಶಕ ಜೇಮ್ಸ್ ಕ್ಯಾಮರಾನ್ ಅವರೇ ನಿರ್ಮಾಪಕರಾಗಿ ಬಂದರು. ಹಾಗಿದ್ದೂ ಎಡವಿದ್ದೆಲ್ಲಿ? ಹಳೆಯ ಕಥೆಯನ್ನೆಲ್ಲ ಅಳಿಸಿ ಹೊಸ ನಟರನ್ನು ಹಾಕಿಕೊಂಡರೆ ಸರಿಹೋದೀತೇ?
(ಶಿವಮೊಗ್ಗದ ಓದುಗರೊಬ್ಬರು)

ಸಂಪಾದಕರ ಉತ್ತರ:

ಪ್ರಿಯ ಓದುಗರೇ,

ಅಳಿಸುವ ಕೆಲಸ ಆಗಲೇ ಆಗಿಹೋಗಿದೆ. 2015ರ ‘ಜೆನಿಸಿಸ್’ 1984ಕ್ಕೇ ಮರಳಿ ಮೊದಲ ಚಿತ್ರದ ಘಟನೆಗಳನ್ನು ಬದಲಿಸಿತು. 2019ರ ‘ಡಾರ್ಕ್ ಫೇಟ್’ ಎರಡನೆಯ ಚಿತ್ರದ ನಂತರ ಬಂದದ್ದನ್ನೆಲ್ಲ ಬದಿಗಿಟ್ಟು, ಸಾರಾ ಕಾನರ್‌ಳ ಮಗ, ಮುಂದೆ ಯಂತ್ರಗಳ ವಿರುದ್ಧ ಮನುಷ್ಯರನ್ನು ಮುನ್ನಡೆಸಬೇಕಾಗಿದ್ದ ಬಾಲಕ ಜಾನ್ ಕಾನರ್‌ನನ್ನು ಶುರುವಿನಲ್ಲೇ ಕೊಂದಿತು. ನಮ್ಮ ಪ್ರಕಾರ ಕೈಬಿಡಬಾರದ ಒಂದನ್ನು ಈ ಚಿತ್ರಗಳು ಕೈಬಿಟ್ಟವು. ಬೆನ್ನಟ್ಟಿ ಬರುವ ಯಂತ್ರದ ಕೈಲಿ ಏನೇನು ಆಗುವುದಿಲ್ಲ ಎಂಬ ಕಟ್ಟುಪಾಡು ಅದು.

1984ರ ಚಿತ್ರವನ್ನು ಈ ಕಣ್ಣಿನಿಂದ ಇನ್ನೊಮ್ಮೆ ನೋಡಿ. ಕಾಲಯಾನದಲ್ಲಿ ಜೀವಂತ ಮಾಂಸದ ಹೊದಿಕೆ ಇಲ್ಲದ ಯಾವ ವಸ್ತುವೂ ದಾಟುವುದಿಲ್ಲ. ಹಾಗಾಗಿ ಯಂತ್ರವೂ ಬರಿಗೈಯಲ್ಲಿ, ಬರಿಮೈಯಲ್ಲಿ ಬರುತ್ತದೆ. ಬಟ್ಟೆ, ಬಂದೂಕು ಎಲ್ಲವನ್ನೂ ಇಲ್ಲೇ ಹೊಂದಿಸಿಕೊಳ್ಳಬೇಕು. ಅದು ಕೊಲ್ಲಬೇಕಾದದ್ದು ಜಾನ್‌ನ ತಾಯಿಯಾಗಲಿರುವ ಸಾರಾಳನ್ನು. ಭವಿಷ್ಯದ ಯುದ್ಧದಲ್ಲಿ ದಾಖಲೆಗಳು ನಾಶವಾಗಿರುವುದರಿಂದ ಅದಕ್ಕೆ ಗೊತ್ತಿರುವುದು ಅವಳ ಹೆಸರು ಮತ್ತು ಊರು, ಅಷ್ಟೇ. ಟೆಲಿಫೋನ್ ಡೈರೆಕ್ಟರಿಯಲ್ಲಿ ಸಾರಾ ಕಾನರ್ ಎಂಬ ಹೆಸರಿನವರು ಮೂವರಿದ್ದಾರೆ. ಅದು ಪಟ್ಟಿಯ ಕ್ರಮದಲ್ಲೇ ಕೊಲ್ಲುತ್ತಾ ಬರುತ್ತದೆ. ಮೂರನೆಯವಳು ಹೋಟೆಲಿನಲ್ಲಿ ಊಟ ಬಡಿಸುವ ಹುಡುಗಿ. ಸುದ್ದಿ ಕೇಳಿದಾಗ ಅವಳಿಗೆ ಹುಟ್ಟುವ ನಡುಕ ನಮಗೂ ತಾಗುವುದು ಈ ಲೆಕ್ಕ ನಮಗೆ ಮೊದಲೇ ತಿಳಿದಿರುವುದರಿಂದ. ಸುಮಾರು 64 ಲಕ್ಷ ಡಾಲರಿನ ಚಿತ್ರ ಅದು.

1991ರ ಎರಡನೆಯ ಚಿತ್ರದ ಖರ್ಚು ಹತ್ತು ಕೋಟಿ ಡಾಲರಿನ ಆಸುಪಾಸು. ಖರ್ಚು ಬೆಳೆದರೂ ಕಟ್ಟುಪಾಡು ಸಡಿಲವಾಗಲಿಲ್ಲ. ಅದರಲ್ಲಿ ಬೆನ್ನಟ್ಟಿ ಬರುವ ದ್ರವಲೋಹದ ಯಂತ್ರ ಟಿ-1000 ಮುಟ್ಟಿದವರ ರೂಪ ತಾಳಬಲ್ಲದು, ಕೈಯನ್ನು ಚೂರಿ ಮಾಡಿಕೊಳ್ಳಬಲ್ಲದು. ಬಂದೂಕು, ಬಾಂಬು ಆಗಲಾರದು. ಇದನ್ನು ಸಂಭಾಷಣೆಯಲ್ಲೇ ಹೇಳಿಬಿಡುತ್ತಾರೆ. ಇನ್ನು ತಂತ್ರಜ್ಞಾನ: ಎರಡೂಕಾಲು ಗಂಟೆಯ ಆ ಚಿತ್ರದಲ್ಲಿ ದ್ರವಲೋಹದ ಕಂಪ್ಯೂಟರ್ ದೃಶ್ಯಗಳು ಒಟ್ಟು ಐದು ನಿಮಿಷದಷ್ಟು. ಎದೆಗೆ ಗುಂಡು ಬಿದ್ದಾಗ ಹೂವಿನಂತೆ ಅರಳುವ ಬೆಳ್ಳಿಬಣ್ಣದ ಗಾಯ ಕಂಪ್ಯೂಟರಿನದಲ್ಲ. ವಿಶೇಷ ಪರಿಣಾಮಗಳ ಕಲಾವಿದ ಸ್ಟಾನ್ ವಿನ್‌ಸ್ಟನ್ ಅವರ ಕಾರ್ಯಾಗಾರದವರು ಫೋಮ್ ರಬ್ಬರಿನ ದಳಗಳಿಗೆ ಲೋಹದ ಹೊಳಪು ಕೊಟ್ಟು, ಸ್ಪ್ರಿಂಗ್ ಕೂರಿಸಿ, ಮಡಚಿ ಪೊಲೀಸ್ ಅಂಗಿಯ ಅಡಿಯಲ್ಲಿ ಅಡಗಿಸಿದ್ದರು. ಬಿಟ್ಟೊಡನೆ ದಳಗಳು ಬಟ್ಟೆ ಸೀಳಿಕೊಂಡು ಚಿಮ್ಮುತ್ತಿದ್ದವು. ಗಾಯ ಕೂಡಿಕೊಳ್ಳುವ ಭಾಗ ಮಾತ್ರ ಕಂಪ್ಯೂಟರಿನದು. ಬಟ್ಟೆ ನಿಜವಾಗಿ ಹರಿಯುತ್ತದೆ, ಬೆಳಕು ನಿಜವಾಗಿ ಲೋಹದ ಮೇಲೆ ಬೀಳುತ್ತದೆ. ಆಮೇಲಿನ ಮಾಯೆಯನ್ನು ಕಣ್ಣು ತಕರಾರಿಲ್ಲದೆ ಒಪ್ಪುತ್ತದೆ.

‘ಡಾರ್ಕ್ ಫೇಟ್’ನ ಕೊಲೆಗಾರ ಯಂತ್ರ ರೆವ್-9 ಅಸ್ಥಿಪಂಜರ ಒಂದು ಕಡೆ, ದ್ರವದ ಮೈ ಇನ್ನೊಂದು ಕಡೆಯಾಗಿ ಎರಡಾಗುತ್ತದೆ. ಕಲ್ಪನೆ ಚೆನ್ನಾಗಿದೆ. ಆದರೆ ಬೇರ್ಪಟ್ಟಾಗ ಅದು ಏನನ್ನು ಕಳೆದುಕೊಳ್ಳುತ್ತದೆ? ಚಿತ್ರ ಅದನ್ನು ಗಟ್ಟಿಯಾಗಿ ಹೇಳುವುದಿಲ್ಲ. ಹಾಗಾಗಿ ವಿಮಾನದಲ್ಲಿ, ನೀರಿನಡಿಯಲ್ಲಿ ಎಷ್ಟೇ ಹೊಡೆದಾಡಿದರೂ ಯಾವ ಪೆಟ್ಟಿಗೆ ಎಷ್ಟು ಬೆಲೆ ಎಂದು ನಮಗೆ ಅಂದಾಜು ಸಿಗುವುದಿಲ್ಲ. 2009ರ ‘ಸಾಲ್ವೇಶನ್’ ಬೆನ್ನಟ್ಟುವಿಕೆಯನ್ನೇ ಬಿಟ್ಟು ಯುದ್ಧಚಿತ್ರವಾಯಿತು.

ಹೊಸದಾಗಿ ಬರೆಯುವವರಿಗೆ ನಿಜವಾದ ಗಂಟು ಇರುವುದು ಮೊಬೈಲಿನಲ್ಲಿ. 1984ರಲ್ಲಿ ಒಂದು ಮೋಟೆಲಿನ ಕೋಣೆ ಸೇರಿದರೆ ಅಡಗಿದಂತೆ. ಈಗ ಎಲ್ಲರ ಜೇಬಿನಲ್ಲೂ ವಿಳಾಸವಿದೆ, ಬೀದಿಬೀದಿಗೆ ಕ್ಯಾಮರಾ ಇದೆ. ಯಂತ್ರ ಐದು ನಿಮಿಷದಲ್ಲಿ ಹುಡುಕಿಬಿಟ್ಟರೆ ಕಥೆ ಅಲ್ಲಿಗೇ ಮುಗಿಯಿತು. ‘ಡಾರ್ಕ್ ಫೇಟ್’ನಲ್ಲಿ ಸಾರಾ ತನ್ನ ಫೋನನ್ನು ಚಿಪ್ಸ್ ಪೊಟ್ಟಣದಲ್ಲಿ ಇಟ್ಟುಕೊಳ್ಳುತ್ತಾಳೆ, ಒಳಗಿನ ಹಾಳೆ ಸಂಕೇತವನ್ನು ತಡೆಯಲಿ ಎಂದು. ಇಡೀ ಚಿತ್ರ ಕಟ್ಟಬಹುದಾಗಿದ್ದ ಎಳೆ ಅದು. ಬಂದಷ್ಟೇ ಬೇಗ ಮರೆಯಾಗುತ್ತದೆ.

ಇದಕ್ಕೆ ದಾರಿ ತೋರಿಸಿದ್ದು, ಅನ್ಯಗ್ರಹದ ಬೇಟೆಗಾರ ಜೀವಿಯ ಕಥೆ ಹೇಳುವ ಪ್ರೆಡೇಟರ್ ಸರಣಿ. 2022ರ ‘ಪ್ರೇ’ ಕಥೆಯನ್ನು 1719ಕ್ಕೆ, ಅಮೆರಿಕದ ಮೂಲನಿವಾಸಿಗಳಾದ ಕಮಾಂಚಿ ಜನರ ನಡುವೆ ಒಯ್ದಿತು. 1987ರ ಮೊದಲ ಚಿತ್ರದ ಕಟ್ಟುಪಾಡನ್ನು ಮಾತ್ರ ಮುಟ್ಟಲಿಲ್ಲ: ಆ ಜೀವಿ ಮೈಶಾಖವನ್ನು ನೋಡಿ ಬೇಟೆಯಾಡುತ್ತದೆ. ಅಲ್ಲಿ ನಾಯಕ ಕೆಸರು ಮೆತ್ತಿಕೊಂಡು ಕಣ್ತಪ್ಪಿಸಿದ. ಇಲ್ಲಿ ನಾರು ಎಂಬ ಹುಡುಗಿ ಮೈ ತಣ್ಣಗಾಗಿಸುವ ಹೂವಿನ ಔಷಧಿಯನ್ನು ಬಳಸುತ್ತಾಳೆ.

ಹಣದ ಲೆಕ್ಕಕ್ಕೆ ಬಂದರೆ, ‘ಡಾರ್ಕ್ ಫೇಟ್’ ನಿರ್ಮಾಣಕ್ಕೆ ಸುಮಾರು 18.5 ಕೋಟಿ ಡಾಲರ್, ಜಗತ್ತಿನ ಗಳಿಕೆ 26 ಕೋಟಿ ಚಿಲ್ಲರೆ. ಚಿತ್ರಮಂದಿರಗಳ ಪಾಲು ಹೆಚ್ಚುಕಡಿಮೆ ಅರ್ಧ ಕಳೆಯಿರಿ. ಪ್ರಚಾರ ಸೇರಿಸುವ ಮೊದಲೇ ನಷ್ಟ. ‘ಜೆನಿಸಿಸ್’ 44 ಕೋಟಿ ಗಳಿಸಿತು, ಆದರೆ ಅದರಲ್ಲಿ 11 ಕೋಟಿಗೂ ಹೆಚ್ಚು ಚೀನಾದ್ದು. ಅಲ್ಲಿ ವಿದೇಶಿ ಸ್ಟುಡಿಯೋಗೆ ಸಿಗುತ್ತಿದ್ದದ್ದು ಕಾಲು ಭಾಗ. ಖರ್ಚು ಏರಿದಂತೆ ಎಲ್ಲರಿಗೂ ಹಿಡಿಸುವ ಚಿತ್ರ ಮಾಡುವ ಒತ್ತಡವೂ ಏರುತ್ತದೆ. 2009 ಮತ್ತು 2015ರಲ್ಲಿ ಹದಿಹರೆಯದವರೂ ಒಬ್ಬರೇ ಬಂದು ನೋಡಬಹುದಾದ ಪ್ರಮಾಣಪತ್ರ ಪಡೆದು ಹಿಂಸೆಯ ಮೊನೆಯನ್ನು ಮೊಂಡು ಮಾಡಿದ್ದು ಅದರಿಂದಲೇ. ಈ ಕಥೆಗೆ ಆರೇಳು ಕೋಟಿ ಸಾಕು.

ಹಕ್ಕಿನ ಮಾತನ್ನೂ ಮರೆಯುವಂತಿಲ್ಲ. ‘ಸಾಲ್ವೇಶನ್’ ತೆಗೆದ ಕಂಪನಿ ಅದೇ ವರ್ಷ ದಿವಾಳಿಯಾಗಿ, 2010ರಲ್ಲಿ ಹಕ್ಕುಗಳು 2.95 ಕೋಟಿ ಡಾಲರಿಗೆ ಹರಾಜಾದವು. ಯೋಜಿಸಿದ್ದ ಮುಂದಿನ ಭಾಗಗಳು ಅಲ್ಲಿಗೇ ನಿಂತವು. ಜೊತೆಗೆ ಅಮೆರಿಕದ ಕಾಯಿದೆಯಲ್ಲಿ ಲೇಖಕರು ಬರೆದುಕೊಟ್ಟ ಹಕ್ಕನ್ನು 35 ವರ್ಷಗಳ ನಂತರ ವಾಪಸು ಕೇಳಬಹುದು; ಕನಿಷ್ಠ ಎರಡು ವರ್ಷ ಮೊದಲೇ ನೋಟಿಸ್ ಕೊಟ್ಟಿರಬೇಕು. ಇದು ಅಮೆರಿಕದೊಳಗೆ ಮಾತ್ರ ಸಲ್ಲುತ್ತದೆ. ಹಾಗೆ ಮೊದಲ ಚಿತ್ರದ ಹಕ್ಕನ್ನು ಮರಳಿ ಪಡೆದವರಿಗೂ 1991ರಲ್ಲಿ ಹುಟ್ಟಿದ ಟಿ-1000 ತಾನಾಗಿ ಕೈಸೇರುವುದಿಲ್ಲ.

ಹೊಸ ನಟರೇ ಎಂದು ಕೇಳಿದ್ದೀರಿ. ಖಂಡಿತ, ಹೊಸಬರೇ ಬೇಕು. ಆದರೆ ಹುಡುಕುವಾಗ ರಾಬರ್ಟ್ ಪ್ಯಾಟ್ರಿಕ್ ಅವರನ್ನು ನೆನಪಿಟ್ಟುಕೊಳ್ಳಲಿ. ಟಿ-1000 ಪಾತ್ರಕ್ಕಾಗಿ ಅವರು ಬಾಯಿ ಮುಚ್ಚಿ ಮೂಗಿನಲ್ಲೇ ಉಸಿರಾಡುತ್ತಾ ಪೂರ್ತಿ ವೇಗದಲ್ಲಿ ಓಡುವುದನ್ನು, ಕಣ್ಣು ಮಿಟುಕಿಸದೆ ಗುಂಡು ಹಾರಿಸುವುದನ್ನು ರೂಢಿ ಮಾಡಿಕೊಂಡರು. ಬೈಕಿನ ಹಿಂದೆ ಅವರು ಓಡಿಬರುವಾಗ ಎದೆ ಏದುಸಿರಿಡುವುದಿಲ್ಲ, ಮುಖ ಕದಲುವುದಿಲ್ಲ.

– ಸಂ.